ಬೆರಳುದ್ದದ ಮೀನಿನ ವಯಸ್ಸು

ನನ್ನ ಮೇಜು ಮೋರಿಯ ಪಕ್ಕದಲ್ಲಿತ್ತು.

ಮೀನು ಸಂಶೋಧನಾಲಯದ ಮೇಲಿನ ಮಹಡಿ ನಿರ್ದೇಶಕರದು. ನಡುವಿನ ಮಹಡಿಯಲ್ಲಿ ತಣ್ಣನೆಯ ಕೋಣೆಗಳು, ಕಂಪ್ಯೂಟರುಗಳು, ಮೀನನ್ನು ಪರದೆಯ ಮೇಲೆ ಮಾತ್ರ ಕಂಡ ವಿಜ್ಞಾನಿಗಳು. ಕೆಳಗೆ, ಎಲ್ಲ ಮಹಡಿಗಳ ಕೊಳೆನೀರು ಬಂದು ಸೇರುವ ಕಡೆ, ಕೊಯ್ಯುವ ಕೋಣೆ. ಅಲ್ಲಿ ನಾನು. ಅವರು ಓದಿದ್ದನ್ನೇ ನಾನೂ ಓದಿದ್ದೆ. ಅವರ ಹೆಸರಿಗೆ ಅಂಟಿದ್ದ ಡಾಕ್ಟರ್ ನನ್ನ ಹೆಸರಿಗೂ ಅಂಟಿತ್ತು. ಆದರೆ ಕೆಲಸಕ್ಕೆ ಸೇರಿದ ದಿನ ನಿರ್ದೇಶಕರು ಕೇಳಿದ್ದು ಒಂದೇ ಪ್ರಶ್ನೆ.

"ದಡದವಳಾ?"

"ಹೌದು ಸರ್. ಅಮ್ಮ ದಡದಲ್ಲಿ ನಿಂತು ಬಲೆ ಎಳೀತಾರೆ."

"ಒಳ್ಳೇದಾಯ್ತು. ವಾಸನೆ ಅಭ್ಯಾಸ ಇರುತ್ತೆ. ಕೆಳಗಿನ ಕೋಣೆ ನೋಡ್ಕೋ."

ನೋಡಿಕೊಂಡೆ. ಬೆಳಗ್ಗೆ ಐಸಿನ ಪೆಟ್ಟಿಗೆಗಳು ಬರುತ್ತಿದ್ದವು. ಒಳಗೆ ಬೆರಳುದ್ದದ ಮೀನು. ಬೆನ್ನು ನೀಲಿ, ಹೊಟ್ಟೆ ಬೆಳ್ಳಿ. ಜೋರಾಗಿ ಹಿಡಿದರೆ ಬೆಳ್ಳಿಯೆಲ್ಲ ಕೈಗೆ ಬರುತ್ತದೆ. ಒಂದೊಂದನ್ನೂ ಎತ್ತಿಕೊಂಡು ಅಳೆಯಬೇಕು. ತೂಗಬೇಕು. ಹೊಟ್ಟೆ ಸೀಳಬೇಕು. ಕರುಳು ಒಂದು ಕಡೆ, ಮೊಟ್ಟೆಚೀಲ ಒಂದು ಕಡೆ. ಆಮೇಲೆ ತಲೆ ಬಿಡಿಸಿ ಒಳಗಿನ ಕಿವಿಕಲ್ಲು ತೆಗೆಯಬೇಕು. ಎಳ್ಳಿನಷ್ಟು ಕಲ್ಲು. ಅದನ್ನು ಗಾಜಿನ ಮೇಲೆ ಅಂಟಿಸಿ, ಬೆಳಕು ಹಾಯುವಷ್ಟು ತೆಳುವಾಗಿ ಉಜ್ಜಿ, ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಸುತ್ತು ಸುತ್ತು ಗೆರೆಗಳು. ಮೀನು ಬದುಕಿದ ದಿನಕ್ಕೊಂದು ಗೆರೆ. ಆ ಗೆರೆ ಎಣಿಸುವುದೇ ನನ್ನ ಕೆಲಸ. ಬೆರಳು ಐಸಿಗೆ ಮರಗಟ್ಟುತ್ತಿತ್ತು. ಫಾರ್ಮಾಲಿನ್ನಿಗೆ ಉಗುರಿನ ಸುತ್ತ ಸಿಪ್ಪೆ ಏಳುತ್ತಿತ್ತು. ಸಂಜೆಯ ಹೊತ್ತಿಗೆ ಕುತ್ತಿಗೆ ಕಲ್ಲು.

ಸೋಪು ಹಾಕಿ ಎಷ್ಟು ಉಜ್ಜಿದರೂ ವಾಸನೆ ಹೋಗುತ್ತಿರಲಿಲ್ಲ. ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ತಾನಾಗಿ ಖಾಲಿಯಾಗುತ್ತಿತ್ತು. ಊಟದ ಕೋಣೆಗೆ ಮೊದಲ ಸಲ ಹೋದಾಗ ನಡು ಮಹಡಿಯ ಮೇಡಂ ಕರವಸ್ತ್ರ ಮೂಗಿಗಿಟ್ಟುಕೊಂಡು, "ಬೇಜಾರು ಮಾಡ್ಕೋಬೇಡಮ್ಮಾ, ನನಗೆ ತಲೆನೋವು ಬರುತ್ತೆ ಅಷ್ಟೇ" ಎಂದರು. ಬೇಜಾರು ಮಾಡಿಕೊಳ್ಳದೆ ಮೆಟ್ಟಿಲ ಕೆಳಗೆ ಕೂತು ಉಂಡೆ. ಮರುದಿನವೂ ಅಲ್ಲೇ. ಕ್ರಮೇಣ ಅದು ನನ್ನ ಜಾಗವೆಂದೇ ಆಯಿತು. ನನಗೆ ಮೀನಮ್ಮ ಎಂದು ಹೆಸರಿಟ್ಟರು. ಸೀಸೆ ತೊಳೆಯುವ ಅಣ್ಣ ಒಬ್ಬ ಮಾತ್ರ ಬಾಯ್ತುಂಬ ಡಾಕ್ಟ್ರೇ ಎನ್ನುತ್ತಿದ್ದ. ಅದಕ್ಕೂ ಮೇಲಿನವರು ನಗುತ್ತಿದ್ದರು.

ನನಗೊಂದು ಆಸೆಯಿತ್ತು. ಸಂಶೋಧನಾ ಹಡಗು. ದಡ ಕಾಣದಷ್ಟು ದೂರ ಹೋಗಬೇಕು, ಅಜ್ಜಿ ಹೇಳುತ್ತಿದ್ದ ಆಳದ ಕಪ್ಪು ನೀರನ್ನು ಕಣ್ಣಾರೆ ನೋಡಬೇಕು. ಕೇಳಿದಾಗಲೆಲ್ಲ ಒಂದೇ ಉತ್ತರ: "ಹೆಂಗಸರಿಗೆ ಹಡಗಿನಲ್ಲಿ ವ್ಯವಸ್ಥೆ ಇಲ್ಲ." ತಲೆನೋವಿನ ಮೇಡಂ ಹೋಗಿಬಂದರು. ಅವರಿಗೆ ವ್ಯವಸ್ಥೆ ಆಗಿತ್ತು.

ಇದನ್ನೆಲ್ಲ ನುಂಗಿಕೊಂಡಿದ್ದೆ. ನುಂಗಲಾರದ್ದು ಒಂದು ಬಂತು.

ಆ ಹಂಗಾಮಿನ ಮೀನನ್ನು ಸೀಳುತ್ತಿದ್ದಂತೆ ಹೊಟ್ಟೆಯೊಳಗಿಂದ ಮೊಟ್ಟೆ ಹೊರಟಿತು. ಕಿತ್ತಳೆ ಬಣ್ಣ, ಬಲಿತ ಮೊಟ್ಟೆ. ಮತ್ತೊಂದು ಸೀಳಿದೆ. ಅದರಲ್ಲೂ. ಪೆಟ್ಟಿಗೆ ಪೆಟ್ಟಿಗೆಯಲ್ಲೂ ಹಾಗೇ. ಕಿವಿಕಲ್ಲಿನ ಗೆರೆ ಎಣಿಸಿದೆ. ವರ್ಷ ತುಂಬುತ್ತ ಬಂದಿತ್ತು. ಈ ಮೀನು ಬದುಕುವುದೇ ಅಷ್ಟು. ಅಂದರೆ ನನ್ನ ತಟ್ಟೆಯಲ್ಲಿ ಮಲಗಿದ್ದವು ಮರಿಗಳಲ್ಲ. ಮಕ್ಕಳು ಮರಿ ಕಂಡ ಮುದುಕಿಯರು. ಬೆರಳುದ್ದಕ್ಕಿಂತ ಮುಂದೆ ಅವು ಬೆಳೆಯುವುದೇ ಇಲ್ಲ.

ನಿರ್ದೇಶಕರು ಹೆಸರು ಮಾಡಿದ್ದು ಬೇರೆ ಮೀನಿನಿಂದ. ಅದು ಮೊಳದುದ್ದ ಬೆಳೆಯುವ ಮೀನು. ಅದರ ಮರಿಗಳು ನೋಡಲು ಥೇಟ್ ಹೀಗೇ ಇರುತ್ತವೆ. ನೀಲಿ ಬೆನ್ನು, ಬೆಳ್ಳಿ ಹೊಟ್ಟೆ. ಅಂಗೈಗಿಂತ ಚಿಕ್ಕದಿದ್ದರೆ ಮರಿ ಎಂದು ಅವರು ಎಂದೋ ಒಂದು ಅಳತೆ ಹಾಕಿಕೊಟ್ಟಿದ್ದರು. ಆಮೇಲೆ ಬಂದವರೆಲ್ಲ ಸ್ಕೇಲು ಹಿಡಿದು ಅಳೆದರು. ಯಾರೂ ಹೊಟ್ಟೆ ಸೀಳಲಿಲ್ಲ. ಕೈ ಹೊಲಸಾಗುತ್ತದಲ್ಲ.

ತಟ್ಟೆ ಹಿಡಿದು ಮೇಲಿನ ಮಹಡಿಗೆ ಹೋದೆ. ನಿರ್ದೇಶಕರು ಕುರ್ಚಿಯನ್ನು ಹಿಂದಕ್ಕೆ ತಳ್ಳಿಕೊಂಡರು.

"ಇದನ್ನ ಯಾಕೆ ಇಲ್ಲಿ ತಂದೆ?"

"ಸರ್, ಇವು ಮರಿಗಳಲ್ಲ. ಇದು ಬೇರೆ ಮೀನು. ಇಷ್ಟೇ ಬೆಳೆಯೋದು. ಮೊಟ್ಟೆ ನೋಡಿ."

"ಅಂಗೈಗಿಂತ ಚಿಕ್ಕದು. ಮರಿ."

"ಮರಿ ಮೊಟ್ಟೆ ಇಡುತ್ತಾ ಸರ್?"

ಅವರು ಪೆನ್ನಿನ ತುದಿಯಿಂದ ತಟ್ಟೆಯನ್ನು ನನ್ನತ್ತ ನೂಕಿದರು. "ಯಾರು ಹೇಳ್ಕೊಟ್ಟಿದ್ದು ಇದನ್ನೆಲ್ಲ? ನಿಮ್ಮಮ್ಮನಾ?"

ನಾನು ಅಲ್ಲಿಂದ ಕದಲಲಿಲ್ಲ. ನಿರ್ದೇಶಕರು ಇದ್ದಕ್ಕಿದ್ದಂತೆ ಮೆತ್ತಗಾದರು. ಕೂರು ಎಂದರು. ಆ ಕೋಣೆಯಲ್ಲಿ ಅವರು ನನಗೆ ಕೂರು ಎಂದದ್ದು ಅದೇ ಮೊದಲು. ನಾನು ಕೂರಲಿಲ್ಲ. ಸೀಟಿಗೆ ವಾಸನೆ ಹತ್ತುತ್ತದೆಂದು ನನಗೇ ಅಭ್ಯಾಸವಾಗಿತ್ತು.

"ಬರೋ ವಾರ ದಡದಲ್ಲಿ ಸಭೆ ಇದೆ. ದಡದ ಎಳೆಬಲೆ ಪೂರ್ತಿ ನಿಲ್ಲಿಸಬೇಕು ಅಂತ ಸರ್ಕಾರಕ್ಕೆ ನಾವು ಹೇಳಿದೀವಿ. ಮರಿ ಹಿಡಿದು ಹಿಡಿದು ಸಮುದ್ರ ಬರಿದು ಮಾಡ್ತಿದಾರೆ ನಿಮ್ಮೋರು. ನಾನು ಹೇಳಿದ್ರೆ ಕಲ್ಲು ಹೊಡೀತಾರೆ. ನೀನು ಹೇಳು. ಮನೆ ಮಗಳು. ಇವು ಮರಿಗಳು, ನಾನೇ ಕೊಯ್ದು ನೋಡಿದೀನಿ ಅಂತ. ಎರಡೇ ಮಾತು."

"ದಡದ ನೀರು ಯಾರಿಗೆ ಕೊಡ್ತಾರೆ ಸರ್?"

"ಯಾರಿಗೂ ಇಲ್ಲ. ಕಾಪಾಡಿದ ನೀರು ಅದು. ಒಂದೆರಡು ದೊಡ್ಡ ದೋಣಿ ಅಧ್ಯಯನಕ್ಕೆ ಅಂತ ಬರ್ತವೆ."

ಆ ದೋಣಿಗಳು ಯಾರವೆಂದು ದಡದ ಕೂಸಿಗೂ ಗೊತ್ತು. ಮೀನನ್ನು ಅರೆದು ಕೋಳಿಗೆ, ಹಂದಿಗೆ ಮೇವು ಮಾಡುವ ಕಾರ್ಖಾನೆಯವನವು. ನಮ್ಮವರು ಅವನನ್ನು ಪುಡಿ ಸಾಹುಕಾರ ಎನ್ನುತ್ತಾರೆ.

"ಮುಂದಿನ ತಿಂಗಳು ನಿನ್ನ ಕೆಲಸ ಖಾಯಂ ಮಾಡೋಣ," ನಿರ್ದೇಶಕರು ಕಿಟಕಿಯತ್ತ ನೋಡುತ್ತ ಹೇಳಿದರು. "ನಡು ಮಹಡೀಲಿ ಮೇಜು. ಹಡಗಿಗೂ ಹೋಗಿ ಬಾ. ವ್ಯವಸ್ಥೆ ಮಾಡಿಸೋಣ."

ಕೊಯ್ದದ್ದು ನನ್ನ ಕೈ. ಸುಳ್ಳಿಗೂ ನನ್ನ ಕೈಯೇ ಬೇಕಾಗಿತ್ತು.

ಆ ಸಂಜೆ ಮನೆಗೆ ಹೋದಾಗ ಅಮ್ಮ ಹೊಸ್ತಿಲಲ್ಲಿ ಕೂತು ಭುಜಕ್ಕೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು. ಹಗ್ಗ ಉಜ್ಜಿ ಉಜ್ಜಿ ಆ ಭುಜದ ಚರ್ಮ ದನದ ತೊಗಲಿನಂತಾಗಿತ್ತು. ಬಲೆಯ ಯಜಮಾನ ನನ್ನ ಮಾವ, ಅಮ್ಮನ ಅಣ್ಣ, ಗೋಡೆಗೊರಗಿ ಬೀಡಿ ಎಳೆಯುತ್ತಿದ್ದ. ಸಭೆಯ ಸುದ್ದಿ ನನಗಿಂತ ಮೊದಲೇ ಮನೆ ಮುಟ್ಟಿತ್ತು.

"ಬಂದ್ರಪ್ಪಾ ಸರ್ಕಾರದೋರು," ಎಂದ ಮಾವ. "ಎದ್ದು ನಿಲ್ಲಬೇಕೋ, ಕೂತೇ ಕೈ ಮುಗಿದ್ರೆ ನಡೆಯುತ್ತೋ?"

"ಸುಮ್ನಿರು ಮಾವ."

"ನಾನು ಸುಮ್ನೇ ಇರ್ತೀನಿ ಕಣೇ. ನಾಳೆಯಿಂದ ಅದೇ ತಾನೇ ಕೆಲ್ಸ?"

ಅಮ್ಮ ನನ್ನ ಮುಖ ನೋಡಲಿಲ್ಲ. "ನಿನ್ನನ್ನೇ ನಿಲ್ಲಿಸಿ ಮಾತಾಡಿಸ್ತಾರಂತೆ. ಹೌದಾ?"

"ಹೌದು."

"ಏನಂತ ಹೇಳ್ತೀಯಾ?"

ಹಡಗು ನನ್ನ ಗಂಟಲಲ್ಲಿ ಸಿಕ್ಕಿಕೊಂಡಿತ್ತು. ನಾಚಿಕೆಯಿಲ್ಲದೆ ಹೇಳುತ್ತೇನೆ, ಅದರ ಬಿಳಿ ಬಣ್ಣ, ಅದರ ಮೇಲಿನ ಗಾಳಿ, ಎಲ್ಲ ಅಲ್ಲೇ ಇತ್ತು.

ಅಮ್ಮ ಎಣ್ಣೆಯ ಕೈಯನ್ನು ಸೀರೆಗೆ ಒರೆಸಿಕೊಂಡಳು. "ಈ ಹೆಗಲು ನೋಡು. ನಿನ್ನ ಪುಸ್ತಕ ಇದರ ಮೇಲೆ ಬಂದಿದ್ದು. ಹಗ್ಗ ಎಳೆದು ಎಳೆದು ನಿನ್ನ ಮೇಲಕ್ಕೆ ಹತ್ತಿಸಿದ್ದು, ನೀನು ಅಲ್ಲಿಂದ ಆ ಹಗ್ಗಾನೇ ಕೊಯ್ಯಲಿ ಅಂತನಾ?"

"ನಾನಿನ್ನೂ ಏನೂ ಹೇಳಿಲ್ವಲ್ಲಮ್ಮಾ!"

"ಅದೇ ನಂಗೆ ಭಯ."

ಊಟದ ತಟ್ಟೆ ಪಕ್ಕಕ್ಕೆ ಸರಿಸಿ ಮಲಗಿದೆ. ಅಜ್ಜಿಯ ಕಥೆಯೊಂದು ಬೇಡಬೇಡವೆಂದರೂ ನೆನಪಾಯಿತು. ಸಮುದ್ರ ಒಂದು ದಿನ ಮೀನುಗಳಿಗೆಲ್ಲ ಆಕಾರ ಹಂಚಲು ಕೂತಿತಂತೆ. ಒಂದು ಗರಗಸದ ಮೂತಿ ಕೇಳಿ ಪಡೆಯಿತು. ಒಂದು ಗುಹೆಯಂಥ ಬಾಯಿ ಪಡೆಯಿತು. ಎಲ್ಲ ಮುಗಿದ ಮೇಲೆ ಬೆರಳುದ್ದದ್ದೊಂದು ಬಂತು. "ತಡವಾಯ್ತಲ್ಲೇ ಮಗಳೇ, ಏನೂ ಉಳಿದಿಲ್ಲ" ಎಂದಿತು ಸಮುದ್ರ. "ಹಾಗಾದ್ರೆ ನನ್ನಂಥೋರನ್ನೇ ಇನ್ನಷ್ಟು ಕೊಡವ್ವಾ" ಎಂದಿತು ಮೀನು. ಅಂದಿನಿಂದ ಅದು ಒಂಟಿಯಾಗಿ ತಿರುಗಲೇ ಇಲ್ಲ. ಆಮೇಲೆ, ಆಮೇಲೆ ಎಂದು ನಾನು ಅಜ್ಜಿಯನ್ನು ಅಲುಗಿಸುತ್ತಿದ್ದೆ. "ಆಮೇಲೇನು? ದೊಡ್ಡದು ಬಾಯಿ ತೆರೀತು," ಎಂದು ಅಜ್ಜಿ ಮಗ್ಗುಲಾಗುತ್ತಿದ್ದಳು. ಮುಂದಿನದನ್ನು ಹೇಳದೆಯೇ ತೀರಿಕೊಂಡಳು.

ಸಭೆ ನಡೆದದ್ದು ದಡದ ಶಾಲೆಯ ಸಭಾಂಗಣದಲ್ಲಿ. ಮುಂದಿನ ಸಾಲಿಗೆ ಬಟ್ಟೆ ಹೊದಿಸಿದ ಕುರ್ಚಿಗಳು. ಅಧಿಕಾರಿಗಳಿಗೆ, ನಿರ್ದೇಶಕರಿಗೆ, ಪುಡಿ ಸಾಹುಕಾರನಿಗೆ. ಹಿಂದಿನ ಬೆಂಚುಗಳನ್ನು ಆ ಬೆಳಗ್ಗೆಯೇ ಹೊರಗೆ ಸಾಗಿಸಿದ್ದರು. ಬೆಂಚಿಗೆ ವಾಸನೆ ಹತ್ತಿದರೆ ನಾಳೆ ಮಕ್ಕಳು ಕೂರಬೇಕಲ್ಲ ಎಂದರಂತೆ. ಆ ಮಕ್ಕಳು ನಮ್ಮವೇ. ನಮ್ಮ ಜನ ನಿಂತಿದ್ದರು. ಬೆಳಗಿನ ಬಲೆ ಎಳೆದು ನೇರ ಬಂದಿದ್ದ ಹೆಂಗಸರ ಸೀರೆಯಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು.

ನಿರ್ದೇಶಕರು ಪರದೆಯ ಮೇಲೆ ಒಂದು ಮೀನು ತೋರಿಸಿದರು. ಪಕ್ಕದಲ್ಲಿ ಸ್ಕೇಲು. ಬೆರಳುದ್ದ.

"ಇದು ಕೂಸು. ಇನ್ನೂ ಕಣ್ಣು ಬಿಟ್ಟಿಲ್ಲ. ದಡದ ಬಲೆ ಅಂದ್ರೆ ತೊಟ್ಟಿಲಿಗೆ ಕೈ ಹಾಕಿ ಕೂಸನ್ನ ಎತ್ಕೊಂಡು ಹೋದ ಹಾಗೆ."

"ಕಣ್ಣು ಬಿಡದಿರೋರು ಯಾರು ಅಂತ ಕಾಣ್ತಾ ಇದೆ," ಎಂದ ಮಾವ ಹಿಂದಿನಿಂದ. ಹೆಂಗಸರು ನಕ್ಕರು. ಹಿರಿಯ ಅಧಿಕಾರಿ ಮೇಜು ಕುಟ್ಟಿದರು.

"ನನ್ನ ಮಾತು ಬೇಡ," ನಿರ್ದೇಶಕರು ನಗುತ್ತಲೇ ಹೇಳಿದರು. "ನಿಮ್ಮ ಮನೆ ಮಗಳೇ ಇದಾಳೆ. ಕೈಯಾರೆ ಕೊಯ್ದವಳು. ಬಾಮ್ಮಾ, ಹೇಳು."

ನಿಂತಲ್ಲಿಂದ ಮುಂದೆ ಬಂದೆ. ಸೀಸೆ ತೊಳೆಯುವ ಅಣ್ಣ ಗೋಡೆಯ ಪಕ್ಕ ನಿಂತಿದ್ದ. ಅವನ ಕೈಯಲ್ಲಿ ನಾನೇ ತರಿಸಿದ್ದ ಐಸಿನ ಪೆಟ್ಟಿಗೆ. ಅದನ್ನು ಇಸಿದುಕೊಂಡು ಅಧಿಕಾರಿಗಳ ಮೇಜಿನ ಮೇಲೆ, ಬಿಳಿ ಬಟ್ಟೆಯ ಮೇಲೆಯೇ ಇಟ್ಟೆ. ನೀರು ಹರಿಯಿತು.

"ಇವು ಮರಿಗಳಲ್ಲ," ಎಂದೆ. "ನಾನೇ ಕೊಯ್ದು ನೋಡಿದೀನಿ."

ನಿರ್ದೇಶಕರ ನಗು ಮುಖದ ಮೇಲೇ ಉಳಿಯಿತು. ಅದನ್ನು ತೆಗೆಯುವುದು ಅವರಿಗೆ ಹೊಳೆಯಲಿಲ್ಲ.

ಒಂದು ಮೀನು ಎತ್ತಿ ಹೆಬ್ಬೆರಳಿನ ಉಗುರಿನಿಂದ ಹೊಟ್ಟೆ ಸೀಳಿದೆ. ಮೊಟ್ಟೆಯನ್ನು ಬಿಳಿ ಬಟ್ಟೆಯ ಮೇಲೆ ಒತ್ತಿದೆ. ಇನ್ನೊಂದು. ಇನ್ನೊಂದು. "ಇದು ವರ್ಷ ತುಂಬಿದ ಮೀನು. ಬಸುರಿ. ಇದು ಇಷ್ಟೇ ಇರೋದು. ಇದರಮ್ಮನೂ ಇಷ್ಟೇ ಇದ್ದಳು. ಪರದೆ ಮೇಲೆ ಹಾಕಿದ ಅಳತೆ ಬೇರೆ ಮೀನಿಂದು. ಸಣ್ಣಗಿದೆ ಅಂತ ಇದನ್ನ ಕೂಸು ಅಂದ್ರು. ಸಣ್ಣಗಿರೋದು ಬೇರೆ, ಕೂಸಾಗಿರೋದು ಬೇರೆ. ಬೇಕಾದ್ರೆ ನೀವೇ ಸೀಳಿ ನೋಡಿ ಸರ್. ತಗೊಳ್ಳಿ."

ಮೀನನ್ನು ಅವರ ಮುಂದೆ ಹಿಡಿದೆ. ನಿರ್ದೇಶಕರು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡರು.

"ಅವಳಿಗೆ ಮನೆ ಮೇಲೆ ಮಮತೆ," ಎಂದರು ಅಧಿಕಾರಿಯತ್ತ ಬಾಗಿ. "ಇಂಥೋರಿಗೆ ಎಷ್ಟು ಓದಿಸಿದ್ರೂ ಅಷ್ಟೇ."

ಅಧಿಕಾರಿ ದಡ್ಡರಲ್ಲ. ಮೂಗಿಗೆ ಕರವಸ್ತ್ರ ಒತ್ತಿಕೊಂಡೇ ಮೊಟ್ಟೆಯನ್ನು ನೋಡಿದರು. ಆಮೇಲೆ ಕಣ್ಣು ಮಿನುಗಿತು. "ಬಸುರಿ ಅಂತೀರಾ? ಹಾಗಾದ್ರೆ ಇದು ಇನ್ನೂ ಕೆಟ್ಟದ್ದಲ್ವಾ? ಬಸುರಿಯರನ್ನ ಹಿಡೀತಾ ಇದಾರೆ ನಿಮ್ಮೋರು. ಬಲೆ ನಿಲ್ಲಿಸೋಕೆ ನೀವೇ ಕಾರಣ ಕೊಟ್ರಿ."

ಪುಡಿ ಸಾಹುಕಾರ ಕಾಲಮೇಲೆ ಕಾಲು ಹಾಕಿಕೊಂಡ. ಮಾವ ನನ್ನನ್ನು ತಿನ್ನುವಂತೆ ನೋಡಿದ. ಅಧಿಕಾರಿ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅದನ್ನು ಅಲ್ಲವೆಂದರೆ ನಾನೂ ನಿರ್ದೇಶಕರ ಸಾಲಿಗೇ ಸೇರುತ್ತಿದ್ದೆ.

"ಹೌದು," ಎಂದೆ. "ಮೊಟ್ಟೆ ಇಡೋ ಹೊತ್ತಲ್ಲಿ ಹಿಡೀಬಾರದು. ಆ ಅಷ್ಟು ದಿನ ದಡದ ಬಲೆ ನಿಲ್ಲಬೇಕು. ದೊಡ್ಡ ದೋಣೀನೂ ನಿಲ್ಲಬೇಕು. ಮೊಟ್ಟೆ ಇಟ್ಟಾದ ಮೇಲೆ ಎರಡೂ ಹೋಗಲಿ. ಎಲ್ಲಾರಿಗೂ ಒಂದೇ ನಿಯಮ."

"ಏನೇ ಹುಡುಗಿ!" ಮಾವ ಕೂಗಿದ. "ಆ ದಿನ ನಾವು ಮಣ್ಣು ತಿನ್ನಬೇಕಾ?"

ಆಗ ಅಮ್ಮ ಮುಂದೆ ಬಂದಳು. ಹಸಿ ಕಾಲಿನ ಗುರುತು ನೆಲದ ಮೇಲೆ ಮೂಡುತ್ತ ಬಂತು. ಅವಳು ನನ್ನ ಕಡೆ ನೋಡಲಿಲ್ಲ. ಪುಡಿ ಸಾಹುಕಾರನ ಎದುರು ನಿಂತಳು.

"ನಾವು ನಿಲ್ಲಿಸ್ತೀವಿ," ಎಂದಳು. "ಹೊಟ್ಟೆಗೆ ಬಟ್ಟೆ ಕಟ್ಕೊಂಡು ನಿಲ್ಲಿಸ್ತೀವಿ. ನೀವು ನಿಲ್ಲಿಸ್ತೀರಾ ಸಾಹುಕಾರ್ರೇ? ಈಗಲೇ, ಎಲ್ಲಾರ ಮುಂದೆ, ಹೂಂ ಅನ್ನಿ."

ಅವನು ಅಧಿಕಾರಿಯ ಮುಖ ನೋಡಿದ. ಅಧಿಕಾರಿ ನಿರ್ದೇಶಕರ ಮುಖ ನೋಡಿದರು. ನಿರ್ದೇಶಕರು ಪರದೆಯ ಮೀನು ನೋಡಿದರು.

"ಹೂಂ ಅನ್ನೋಕೆ ಇಷ್ಟು ಹೊತ್ತಾ?" ಎಂದಳು ಅಮ್ಮ.

"ಸಭೆ ಮುಗೀತು," ಎಂದರು ಅಧಿಕಾರಿ.

ಮರುದಿನ ನನ್ನ ಕೋಣೆಗೆ ಬೇರೆ ಬೀಗ ಬಿದ್ದಿತ್ತು. ಸೀಸೆ ಅಣ್ಣ ನನ್ನ ಚಪ್ಪಲಿ, ಊಟದ ಡಬ್ಬಿಗಳನ್ನು ಗೇಟಿನ ಹೊರಗೆ ತಂದುಕೊಟ್ಟ. "ಒಳಗೆ ಬಿಡಬೇಡ ಅಂದಿದಾರೆ ಡಾಕ್ಟ್ರೇ," ಎಂದು ತಲೆ ತಗ್ಗಿಸಿದ. ನಾನು ಎಣಿಸಿದ ಕಿವಿಕಲ್ಲುಗಳೆಲ್ಲ ಒಳಗೇ ಉಳಿದವು. ಹಡಗೂ ಹೋಯಿತು. ಅತ್ತೆಯಾ ಎಂದು ಕೇಳಿದರೆ, ಹೌದು, ಅತ್ತೆ. ಬಸ್‌ಸ್ಟಾಪಿನಲ್ಲಿ ನಿಂತು, ಹೋಗುವವರು ಬರುವವರು ನೋಡುವಂತೆ ಅತ್ತೆ.

ಆಜ್ಞೆ ಬಂತು. ದಡದ ಎಳೆಬಲೆಗೆ ವರ್ಷಪೂರ್ತಿ ನಿಷೇಧ. ದೊಡ್ಡ ದೋಣಿಯ ಮಾತೇ ಅದರಲ್ಲಿರಲಿಲ್ಲ.

ನಮ್ಮವರು ಬಲೆ ಮಡಿಸಿಟ್ಟರು. ಆಜ್ಞೆಗೆ ಹೆದರಿ ಅಲ್ಲ. ಅಮ್ಮ ಸಭೆಯಲ್ಲಿ ಮಾತು ಕೊಟ್ಟಿದ್ದಳು. ಮೊಟ್ಟೆಯ ದಿನಗಳೆಲ್ಲ ಗಂಜಿ ತೆಳ್ಳಗಾಗುತ್ತ ಹೋಯಿತು. ಹೆಂಗಸರು ಪೇಟೆಗೆ ಹೋಗಿ ಪಾತ್ರೆ ತಿಕ್ಕಿದರು. ಕೆಲವರು ನನ್ನನ್ನು ಕಂಡರೆ ಮುಖ ತಿರುಗಿಸುತ್ತಿದ್ದರು. "ನಿನ್ನ ಮೀನಿನ ಬಾಣಂತನ ಮುಗೀತೇನೇ?" ಎಂದು ಮಾವ ದಿನಾ ಕೇಳುತ್ತಿದ್ದ. ಆ ಕೇಳುವಿಕೆಯಲ್ಲಿ ನಗುವಿರಲಿಲ್ಲ. ಎದುರಿಗೇ, ಕಣ್ಣಿಗೆ ಹೊಡೆಯುವಂತೆ, ದೊಡ್ಡ ದೋಣಿಗಳು ಹಗಲಿಡೀ ದಡದ ನೀರನ್ನು ಗೋರಿದವು.

ದೋಣಿಯಿಂದ ಚೆಲ್ಲಿ ದಡಕ್ಕೆ ಬಂದು ಬಿದ್ದ ಮೀನನ್ನು ನಾನು ದಿನಾ ಆರಿಸಿ ಸೀಳುತ್ತಿದ್ದೆ. ಒಂದು ದಿನ ಹೊಟ್ಟೆಗಳು ಖಾಲಿ ಸಿಕ್ಕವು. ಮರುದಿನವೂ ಖಾಲಿ.

"ಮುಗೀತು ಮಾವ," ಎಂದೆ.

ಮಾವ ಎದ್ದು ಬಲೆಯ ಮೇಲಿನ ಚಾಪೆ ತೆಗೆದ.

ಬೆಳಗಾಗುತ್ತಿದ್ದಂತೆ ಬಲೆ ನೀರಿಗಿಳಿಯಿತು. ಹಗ್ಗದ ಎರಡು ತುದಿ ದಡದಲ್ಲಿ. ನಾನು ಅಮ್ಮನ ಹಿಂದೆ ನಿಂತೆ. ಹಗ್ಗವನ್ನು ಹೆಗಲ ಮೇಲಿಂದ ತಂದು ಸೊಂಟಕ್ಕೆ ಸುತ್ತಿ, ಹಿಮ್ಮಡಿಯನ್ನು ಮರಳಿಗೆ ಊರಿ, ಹಿಂದಕ್ಕೆ ಬೀಳುವಂತೆ ವಾಲಬೇಕು. ಕೈಯಿಂದ ಎಳೆಯುವುದಲ್ಲ ಅದು. ಇಡೀ ಮೈಯಿಂದ ಎಳೆಯುವುದು. ಹೆಗಲು, ಸೊಂಟ ಎರಡೂ ಸುಲಿದವು. ಅಂಗೈ ಬೊಬ್ಬೆ ಎದ್ದು ಒಡೆಯಿತು. ಉಪ್ಪುನೀರು ತಾಗಿ ಚುರ್ ಎಂದಿತು. "ವಾಲೇ, ಇನ್ನೂ ವಾಲು! ಪುಸ್ತಕ ಓದೋ ಹಾಗೆ ನಿಂತ್ಕೋಬೇಡ!" ಎಂದು ಹಿಂದಿನಿಂದ ಯಾರೋ ಹೆಂಗಸು ಬೈದಳು. ವಾಲಿದೆ.

ಬಲೆ ದಡ ಮುಟ್ಟುವ ಹೊತ್ತಿಗೆ ಪೊಲೀಸು ಜೀಪು ಬಂತು. ಇನ್‌ಸ್ಪೆಕ್ಟರು ಬೂಟು ನೆನೆಯದಂತೆ ದೂರದಲ್ಲೇ ನಿಂತು ಕೂಗಿದರು. "ನಿಲ್ಲಿಸ್ರೀ! ಆಜ್ಞೆ ಇದೆ ಗೊತ್ತಿಲ್ವಾ? ಯಾರು ಎಳೆದಿದ್ದು?"

ಯಾರೂ ತಿರುಗಿ ನೋಡಲಿಲ್ಲ. ಬಲೆ ಮೇಲೆ ಬಂತು. ಮೀನು ಮರಳಿನ ಮೇಲೆ ಸುರಿಯಿತು. ಮಾವ ಎಂದಿನಂತೆ ಕುಕ್ಕರಗಾಲಲ್ಲಿ ಕೂತು ಪಾಲು ಹಾಕತೊಡಗಿದ. ಹಗ್ಗ ಹಿಡಿದ ಒಬ್ಬೊಬ್ಬರಿಗೂ ಒಂದೊಂದು ಗುಡ್ಡೆ. ಅವರವರು ಬಂದು ತಮ್ಮ ಗುಡ್ಡೆಯ ಹಿಂದೆ ನಿಂತರು. ಕೊನೆಗೆ ಅವನು ತುಸು ತಡೆದು ನನ್ನನ್ನು ನೋಡಿದ. ನನ್ನ ಅಂಗೈ ನೋಡಿದ. ಇನ್ನೊಂದು ಗುಡ್ಡೆ ಹಾಕಿದ.

ಇನ್‌ಸ್ಪೆಕ್ಟರು ಬೂಟು ನೆನೆಸಿಕೊಂಡೇ ಬಂದರು. ಗುಡ್ಡೆಗಳ ಸಾಲಿನ ಉದ್ದಕ್ಕೂ ಲಾಠಿ ಆಡಿಸಿದರು. "ಇದೆಲ್ಲ ಕಳ್ಳ ಮೀನು. ಯಾರ ಮುಂದೆ ಗುಡ್ಡೆ ಇದೆಯೋ ಅವರ ಮೇಲೆಲ್ಲ ಕೇಸು. ಬೇಡ ಅನ್ನೋರು ಗುಡ್ಡೆ ಬಿಟ್ಟು ಈಗಲೇ ಮನೆಗೆ ಹೋಗಿ. ನಾನು ಕೇಳಲ್ಲ."

ಯಾರೂ ಕದಲಲಿಲ್ಲ. ಅಮ್ಮ ತನ್ನ ಗುಡ್ಡೆಯಿಂದ ಹೊರಳಿದ ಒಂದು ಮೀನನ್ನು ಕಾಲಿನಿಂದ ಒಳಕ್ಕೆ ತಳ್ಳಿಕೊಂಡಳು.

ಲಾಠಿ ನನ್ನ ಮುಂದೆ ಬಂದು ನಿಂತಿತು. ಇನ್‌ಸ್ಪೆಕ್ಟರು ನನ್ನ ಕನ್ನಡಕ ನೋಡಿದರು. "ನೀವು ಆ ಆಫೀಸಿನೋರಲ್ವಾ ಮೇಡಂ? ಓದಿದೋರು. ನಿಮಗ್ಯಾಕೆ ಇದು? ಹೋಗಿ ಅತ್ಲಾಗೆ." ಆಮೇಲೆ ಲಾಠಿಯನ್ನು ಮೀನಿನೊಳಗೆ ಚುಚ್ಚಿ ಕೂಗಿದರು, "ಈ ಗುಡ್ಡೆ ಯಾರದು?"

"ನನ್ನದು," ಎಂದೆ.